ಇಂದಿನ ಧಮ್ಮ ಚಿಂತನೆ: ಎರಡು ತಂತಿಯ ಪಾಠ

 



ದಾನ ಎಂದ ಕೂಡಲೇ ನಮಗೆ ಅನ್ನ, ಬಟ್ಟೆ, ಹಣ ನೆನಪಾಗುತ್ತವೆ. ಇವತ್ತು ನಾನು ಹಾಡಿನ ದಾನದ ಬಗ್ಗೆ ಹೇಳಬೇಕು. ತಮ್ಮನ್ನು ಹೊರಗಿಟ್ಟ ನಾಡಿಗೇ ತಮ್ಮ ಹಾಡನ್ನು ಕೊಟ್ಟವರ ದಾನ ಅದು.

ಅಮೆರಿಕದಲ್ಲಿ 1882ರಲ್ಲಿ ಒಂದು ಕಾನೂನು ಬಂತು. ಚೀನಾದ ಕೂಲಿಕಾರರು ಒಳಗೆ ಬರುವಂತಿಲ್ಲ, ಆಗಲೇ ಬಂದು ನೆಲೆಸಿದ ಚೀನೀಯರು ಆ ದೇಶದ ಪೌರರಾಗುವಂತಿಲ್ಲ ಎಂದಿತು. ಅವರಿಂದ ರೈಲು ಹಳಿ ಹಾಕಿಸಿಕೊಂಡ ದೇಶವೇ ಅವರನ್ನು ಬೇಡವೆಂದಿತು. ಆ ಕಾನೂನು ರದ್ದಾದದ್ದು 1943ರಲ್ಲಿ. ಅಲ್ಲಿಯವರೆಗೆ ಎಷ್ಟೋ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ಬಟ್ಟೆ ಒಗೆದು, ಅಡಿಗೆ ಮಾಡಿ, ಚೈನಾಟೌನ್ ಎಂಬ ಕೇರಿಯಲ್ಲಿ ಬದುಕಿದರು. ಕೇರಿ ಎಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಕೇರಿಗಳಲ್ಲೇ ಸಂಗೀತ ಸಂಘಗಳು ಹುಟ್ಟಿದವು. ಸ್ಯಾನ್ ಫ್ರಾನ್ಸಿಸ್ಕೋದ ನಾಮ್ ಚುಂಗ್ ಸಂಗೀತ ಸಂಘ ಶುರುವಾದದ್ದು 1925ರಲ್ಲಿ. ದುಡಿದು ದಣಿದವರು ಇಂಥ ಕಡೆ ಸೇರಿ ತಮ್ಮ ಕ್ಯಾಂಟನ್ ಸೀಮೆಯ ನಾಟಕದ ಹಾಡು ಹಾಡುತ್ತಿದ್ದರು. ಮೊದಲು ಅದು ತಮ್ಮ ದುಃಖ ತಾವೇ ಆರಿಸಿಕೊಳ್ಳುವ ಜಾಗ. ಆಮೇಲೆ ಬಾಗಿಲು ತೆರೆಯಿತು. ನ್ಯೂಯಾರ್ಕಿನಲ್ಲಿ 1961ರಲ್ಲಿ ಚೈನೀಸ್ ಮ್ಯೂಸಿಕ್ ಎನ್ಸೆಂಬಲ್ ಎಂಬ ವಾದ್ಯವೃಂದ ಹುಟ್ಟಿತು. ಇಂದು ಅಂಥ ಎಷ್ಟೋ ಸಂಘಗಳು ಅಲ್ಲಿ ಹೊರಗಿನ ಜನರ ಮುಂದೆ ನುಡಿಸುತ್ತವೆ, ಮಕ್ಕಳಿಗೆ ಕಲಿಸುತ್ತವೆ.

ಆ ವಾದ್ಯಗಳಲ್ಲಿ ಒಂದರ ಹೆಸರು ಅರ್‌ಹು. ಎರಡೇ ತಂತಿ. ಕಮಾನು ಆ ಎರಡು ತಂತಿಗಳ ನಡುವೆಯೇ ಓಡಾಡುತ್ತದೆ. ಬುಡದ ಪುಟ್ಟ ಪೆಟ್ಟಿಗೆಗೆ ಹೆಬ್ಬಾವಿನ ಚರ್ಮ ಬಿಗಿದಿರುತ್ತಾರೆ. 'ಹು' ಎಂಬುದು ಹಳೆಯ ಚೀನೀಯರು ಉತ್ತರ ಮತ್ತು ಪಶ್ಚಿಮದ ಪರಕೀಯರಿಗೆ ಇಟ್ಟ ಹೆಸರು. ಚೀನಾದ್ದೇ ದನಿ ಎಂದು ಲೋಕ ಗುರುತಿಸುವ ವಾದ್ಯದ ಹೆಸರಲ್ಲೇ ಪರಕೀಯ ಕೂತಿದ್ದಾನೆ. ನಾಲ್ಕು ತಂತಿಯ ಪಿಪಾ ಕೂಡ ಮಧ್ಯ ಏಷ್ಯಾದಿಂದ ಬಂದದ್ದು. ನಮ್ಮ ನೆಲದಿಂದ ಧಮ್ಮ ನಡೆದು ಹೋದ ರೇಷ್ಮೆ ದಾರಿಯಲ್ಲೇ ಅದೂ ನಡೆದು ಬಂತು. ದುನ್‌ಹುವಾಂಗ್ ಗುಹೆಗಳ ಬೌದ್ಧ ಚಿತ್ರಗಳಲ್ಲಿ ಪಿಪಾ ನುಡಿಸುವವರನ್ನು ಇಂದಿಗೂ ನೋಡಬಹುದು. ಶುದ್ಧವಾಗಿ ಒಬ್ಬರದ್ದೇ ಆದ ಸಂಸ್ಕೃತಿ ಎಲ್ಲಿದೆ? ಎಲ್ಲವೂ ಕಾರಣಗಳು ಕೂಡಿ ಹುಟ್ಟಿದ್ದು. ಪ್ರತೀತ್ಯ ಸಮುತ್ಪಾದ ಎಂದರೆ ಇದೇ.

ಇದೇ ಚೀನಾದಲ್ಲಿ 'ಯುಯೆಹು' ಎಂಬ ಜನ ಇದ್ದರು. ಹುಟ್ಟಿನಿಂದಲೇ ವಾದ್ಯದವರು. ಮದುವೆಗೂ ಸಾವಿಗೂ ಅವರ ವಾದ್ಯ ಬೇಕು, ಅವರೊಂದಿಗೆ ಸಂಬಂಧ ಮಾತ್ರ ಬೇಡ. ಅವರ ಮಕ್ಕಳು ಸರ್ಕಾರಿ ಪರೀಕ್ಷೆಗೆ ಕೂರುವಂತಿರಲಿಲ್ಲ. 1723ರಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿ ಆ ಕೀಳು ದರ್ಜೆಯನ್ನು ಕಾನೂನಿನಿಂದ ತೆಗೆದ. ಜನರ ಮನಸ್ಸಿನ ತಿರಸ್ಕಾರ ಮಾತ್ರ ಆಮೇಲೂ ಬಹಳ ಕಾಲ ಉಳಿಯಿತು.

ಬಂಧುಗಳೇ, ಇದು ನಮ್ಮ ಕಥೆಯೂ ಹೌದು. ನನ್ನ ತಾತ ತಮಟೆ ಬಡಿಯುತ್ತಿದ್ದರು. ಊರ ಹಬ್ಬಕ್ಕೂ ಹೆಣಕ್ಕೂ ಕರೆ ಬರುತ್ತಿತ್ತು. ಬರುವುದಿಲ್ಲ ಎನ್ನುವ ಹಕ್ಕು ಇರಲಿಲ್ಲ. ಕೂಲಿ ಎಂದು ಒಂದಿಷ್ಟು ಕಾಳು, ಅದನ್ನೂ ದೂರದಿಂದ ಹಾಕುತ್ತಿದ್ದರು. ನನ್ನ ತಂದೆ ತಮಟೆ ಮುಟ್ಟಲಿಲ್ಲ. ಅವರು ಬಿಟ್ಟದ್ದು ಸರಿ. ಹುಟ್ಟಿನ ಹೆಸರಿನಲ್ಲಿ ಹೇರಿದ ಕೆಲಸವನ್ನು ಬಿಡಿ ಎಂದೇ ಬಾಬಾಸಾಹೇಬರು ನಮಗೆ ಕಲಿಸಿದ್ದು.

ಈಗ ನಮ್ಮ ಹುಡುಗರು ಕೇಳುತ್ತಾರೆ, ಬುದ್ಧ ಪೂರ್ಣಿಮೆಯ ಮೆರವಣಿಗೆಯಲ್ಲಿ ತಮಟೆ ಬಾರಿಸಬಹುದಾ ಎಂದು. ಹಿರಿಯರಿಗೆ ಆ ಸದ್ದು ಕೇಳಿದರೆ ಹಳೆಯ ಗಾಯ ಬಿಚ್ಚುತ್ತದೆ. ಇಬ್ಬರ ಮಾತಿಗೂ ಬೆಲೆ ಇದೆ. ನನಗೆ ತಿಳಿದದ್ದು ಇಷ್ಟು: ಹೆಬ್ಬಾವಿನ ಚರ್ಮದ ಅರ್‌ಹು ವೇದಿಕೆಯ ಮೇಲಿದ್ದಾಗ, ಆ ಚರ್ಮ ಮುಟ್ಟಿದವರು ಯಾರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೈಲಿಗೆ ಚರ್ಮದಲ್ಲಿ ಯಾವತ್ತೂ ಇರಲಿಲ್ಲ, ನೋಡುವ ಕಣ್ಣಿನಲ್ಲಿತ್ತು. ಕೀಳಾದದ್ದು ಬಲವಂತ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಇಂದಿಗೂ ಯಾರಾದರೂ ಜಾತಿ ನೋಡಿ ತಮಟೆಗೆ ಕರೆದರೆ, ಹೋಗಬೇಡಿ. ನೀವಾಗಿ ಕಲಿತು, ನೀವಾಗಿ ಬಾರಿಸಿ, ಯಾರು ಬಂದರೂ ಕಲಿಸುವುದಾದರೆ ಅದು ದಾನ.

ಭಗವಾನರು ವಾದ್ಯವನ್ನು ಹಗೆಯಾಗಿ ಕಂಡವರಲ್ಲ. ಉಪೋಸಥದ ದಿನ ಹಾಡು, ಕುಣಿತಗಳಿಂದ ದೂರ ಇರುತ್ತೇವೆ, ಅದು ಮನಸ್ಸಿನ ಅಭ್ಯಾಸಕ್ಕೆ. ಆದರೆ ಅತಿಯಾದ ಸಾಧನೆಯಿಂದ ಪಾದದಲ್ಲಿ ರಕ್ತ ಬಂದ ಸೋಣ ಭಿಕ್ಖುವಿಗೆ ಅವರು ತಿಳಿಹೇಳಿದ್ದು ವೀಣೆಯ ತಂತಿಯಿಂದಲೇ. ತೀರಾ ಬಿಗಿದರೂ, ತೀರಾ ಸಡಿಲಿಸಿದರೂ ನಾದ ಹೊರಡದು. ಪರಂಪರೆಯ ವಿಷಯವೂ ಹಾಗೆಯೇ.

ಕೊನೆಗೆ ಒಂದು ಮಾತು. 1901ರಲ್ಲಿ, ಆ ಕಾನೂನಿನ ಕಾಲದಲ್ಲೇ, ಡೀನ್ ಲುಂಗ್ ಎಂಬ ಚೀನೀ ಮನೆಯಾಳು ತಾನು ಕೂಡಿಟ್ಟ 12,000 ಡಾಲರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟ. ತನ್ನ ಜನರ ವಿದ್ಯೆಯನ್ನು ಅಲ್ಲಿ ಕಲಿಸಲಿ ಎಂದು. 1913ರಲ್ಲಿ ಬಾಬಾಸಾಹೇಬರು ಓದಲು ಹೋದದ್ದು ಅದೇ ವಿಶ್ವವಿದ್ಯಾಲಯಕ್ಕೆ. ಆಳು ಎನಿಸಿಕೊಂಡವನ ಕೈಯೂ ಕೊಡುವ ಕೈ ಆಗಬಲ್ಲದು.

*ಇಂದಿನ ಅಭ್ಯಾಸ:* ಮನೆಯ ಹಿರಿಯರ ಹತ್ತಿರ ಹತ್ತು ನಿಮಿಷ ಕೂತು, ಅವರಿಗೆ ಬರುವ ಒಂದು ಪದ ಕೇಳಿ. ಒಡೆಯರ ಹೊಗಳಿಕೆಯಾದರೆ ಬಿಡೋಣ. ದುಡಿಮೆಯ, ಅಕ್ಕರೆಯ ಪದವಾದರೆ ಬರೆದುಕೊಂಡು ಒಂದು ಮಗುವಿಗೆ ಕಲಿಸೋಣ. ಆ ಮಗು ಯಾರದ್ದಾದರೂ ಆಗಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.