ಕರಗುವ ಹಿಮಕ್ಕೆ ನಮಸ್ಕಾರ

ಅಲಾಸ್ಕದ ಆಗ್ನೇಯ ಕರಾವಳಿಯಲ್ಲಿ ಇಂದು ಗ್ಲೇಸಿಯರ್ ಬೇ ಎಂದು ಪ್ರಸಿದ್ಧವಾಗಿರುವ ಕೊಲ್ಲಿಯ ಬಹುಭಾಗ 1794ರಲ್ಲಿ ಹಿಮದ ಅಡಿಯಲ್ಲಿತ್ತು. ಆ ವರ್ಷ ಇಂಗ್ಲಿಷ್ ಅನ್ವೇಷಕ ವ್ಯಾಂಕೂವರನ ನಾವಿಕರು ಕಂಡದ್ದು ದಂಡೆಯಲ್ಲಿನ ಒಂದು ಸಣ್ಣ ಬಾಗನ್ನೂ ಅದರ ಹಿಂದೆ ದಾರಿಗಟ್ಟಿ ನಿಂತಿದ್ದ ಮಹಾಹಿಮವನ್ನೂ ಮಾತ್ರ. 1916ರ ಹೊತ್ತಿಗೆ ಆ ಹಿಮ ಕೊಲ್ಲಿಯ ಬಾಯಿಂದ ಸುಮಾರು 100 ಕಿಲೋಮೀಟರು ಒಳಕ್ಕೆ ಸರಿದು, ತಾನು ಕೊರೆದ ಕಣಿವೆಯನ್ನು ಕಡಲಿಗೆ ಒಪ್ಪಿಸಿಬಿಟ್ಟಿತ್ತು. ಆ ನೀರಿನ ಮೇಲೆ ಸಾಗಿಬಂದ ನಮ್ಮ ಹಡಗು ಮಾರ್ಜರಿ ಹಿಮನದಿಯ ಎದುರಿಗೆ ನಿಂತಾಗ, ಕುಟುಂಬದವರೆಲ್ಲ ಮೇಲಂತಸ್ತಿನ ಕಟಕಟೆಯ ಬಳಿ ಸೇರಿದೆವು.

ಅಗಲ ಸುಮಾರು ಒಂದು ಮೈಲಿ. ನೀರಿನಿಂದ ಮೇಲಕ್ಕೆ ಸುಮಾರು 75 ಮೀಟರು. ಬಿದ್ದ ಹಿಮ ತನ್ನ ಭಾರದಿಂದಲೇ ಅದುಮಿಕೊಂಡು, ಒಳಗಿನ ಗಾಳಿಯನ್ನು ಹೊರದೂಡಿ, ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಉಳಿಸುವಷ್ಟು ಗಟ್ಟಿಯಾಗಿ, ಬಿರುಕುಬಿರುಕಿನಲ್ಲಿಯೂ ಆ ನೀಲಿಯನ್ನು ತೋರುತ್ತಿತ್ತು. ಹಿಂದೆ ಫೇರ್‌ವೆದರ್ ಶ್ರೇಣಿ. ಅದರ ಮುಖ್ಯಶಿಖರದ ಔನ್ನತ್ಯ 4,671 ಮೀಟರು. ನೋಡುತ್ತಿರುವಂತೆಯೇ ಮನೆಯಷ್ಟು ದೊಡ್ಡದೊಂದು ಖಂಡ ಕಳಚಿ ನೀರಿಗಿಳಿಯಿತು. ಗುಡುಗು ಆಮೇಲೆ ಬಂದಿತು. ನನ್ನ ಪತ್ನಿ ಕೈಮುಗಿದಳು. “ಅಮ್ಮಾ, ಕಳಚಿ ಬೀಳುತ್ತಿರುವುದಕ್ಕೆ ನಮಸ್ಕಾರವೇಕೆ?” ಎಂದ ಮಗ.

ಪ್ರಶ್ನೆ ಹಗುರವಾದುದಲ್ಲ. ಬ್ರಹ್ಮಜಿಜ್ಞಾಸೆಗೆ ಹೊರಡುವವನಿಗೆ ಶಂಕರರು ವಿಧಿಸಿದ ಮೊದಲ ಸಾಧನವೇ ನಿತ್ಯಾನಿತ್ಯವಸ್ತುವಿವೇಕ. ಆ ವಿವೇಕದಿಂದ ನೋಡಿದರೆ ಹಿಮವೂ ಅದನ್ನು ಹೊತ್ತ ಪರ್ವತವೂ ಅನಿತ್ಯವೇ. ಆದರೆ ಅನಿತ್ಯವೆಂದು ಅರಿಯುವುದು ಬೇರೆ, ಅಲ್ಪವೆಂದು ಕಡೆಗಣಿಸುವುದು ಬೇರೆ. ಇವೆರಡನ್ನೂ ಒಂದೆಂದು ಎಣಿಸಿದ್ದರಿಂದ ನಮ್ಮ ವೈರಾಗ್ಯಕ್ಕೆ ಎಷ್ಟೋ ವೇಳೆ ಔದಾಸೀನ್ಯದ ಕಳಂಕ ತಗುಲಿದೆಯೆಂದು ನಾನು ನಂಬುತ್ತೇನೆ. ಗೀತೆಯ ವಿಭೂತಿಯೋಗವನ್ನು ನೋಡಬಹುದು. ಸ್ಥಾವರಗಳಲ್ಲಿ ತಾನು ಹಿಮಾಲಯವೆಂದ ಭಗವಂತನೇ, ಅದೇ ಅಧ್ಯಾಯದಲ್ಲಿ, ಋತುಗಳಲ್ಲಿ ತಾನು ವಸಂತವೆಂದೂ ಮಾಸಗಳಲ್ಲಿ ಮಾರ್ಗಶೀರ್ಷವೆಂದೂ ಹೇಳಿಕೊಂಡಿದ್ದಾನೆ. ವಸಂತವಾದರೋ ಎರಡು ತಿಂಗಳ ಅತಿಥಿ. ಸ್ಥಿರತೆಯೊಂದೇ ಪೂಜ್ಯತೆಗೆ ಕಾರಣವಾಗಿದ್ದರೆ ಆ ಗಣನೆಯಲ್ಲಿ ಋತುವಿಗೆ ಸ್ಥಾನವಿರುತ್ತಿರಲಿಲ್ಲ. ಆ ತಾಯಿಯ ಕೈ ಮುಗಿದದ್ದು ಬಾಳಿಕೆಯ ಭರವಸೆಗಲ್ಲ, ಆ ಕ್ಷಣದಲ್ಲಿ ಹಿಮದ ಮೂಲಕ ತೋರಿಕೊಂಡ ಮಹತ್ತಿಗೆ.

ಆ ನಮಸ್ಕಾರಕ್ಕೆ ಋಣವೂ ಉಂಟು. ಈ ಕೊಲ್ಲಿಯ ಹಿಮದ ಹಿಂದಿನ ಹಿಂಜರಿತ ಬಹುಮಟ್ಟಿಗೆ ಪ್ರಕೃತಿಯದೇ. ಈಗಲಾದರೋ ಅಲಾಸ್ಕದ ಹಿಮನದಿಗಳ ಕ್ಷಯಕ್ಕೆ ಮನುಷ್ಯನು ಉರಿಸುವ ಎಣ್ಣೆ ಕಲ್ಲಿದ್ದಲುಗಳ ತಾಪವೂ ಕೂಡಿದೆ, ನಮ್ಮನ್ನು ದರ್ಶನಕ್ಕೆ ಹೊತ್ತುತಂದ ಹಡಗೂ ಎಣ್ಣೆಯಿಂದಲೇ ನಡೆಯತಕ್ಕದ್ದು. ಈ ಕೊಲ್ಲಿಗೆ ದಿನಕ್ಕೆ ಎರಡು ದೊಡ್ಡ ಪ್ರವಾಸಿ ಹಡಗುಗಳಿಗಷ್ಟೇ ಪ್ರವೇಶ. ಗರ್ಭಗುಡಿಗೆ ಇರುವಂಥ ಈ ಕಟ್ಟಳೆ ನನಗೆ ಉಚಿತವೆಂದೇ ತೋರುತ್ತದೆ.

ಹಿಮದೊಡನೆ ಬಾಳಿದವರ ಭಾವ ಇನ್ನೂ ಗಾಢವಾದುದು. ಇಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರ ಹಳ್ಳಿಗಳನ್ನು ಹದಿನೆಂಟನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮ ಆಕ್ರಮಿಸಿತು. ಒಬ್ಬ ಹುಡುಗಿ ಅದನ್ನು ಹಗುರವಾಗಿ ಕರೆದುದರಿಂದ ಅದು ಇಳಿದುಬಂದಿತೆಂದೂ, ಜನರೆಲ್ಲ ದೋಣಿಯೇರಿದಾಗ ಒಬ್ಬ ಹೆಣ್ಣುಮಗಳು ಮನೆಯಲ್ಲಿಯೇ ಉಳಿದಳೆಂದೂ ಅವರ ಕಥೆ. ಹಿಮನದಿಗೆ ಕಿವಿಯುಂಟು, ಅದರ ಮುಂದೆ ಮಾತು ಎಚ್ಚರದಿಂದಿರಬೇಕು ಎಂಬುದು ಅವರ ಹಿರಿಯರ ಶಿಕ್ಷಣ. ತಮ್ಮನ್ನು ಓಡಿಸಿದ ಹಿಮವನ್ನು ಅವರು ಶತ್ರುವೆನ್ನಲಿಲ್ಲ. ಅದು ಹಿಂದೆಗೆದಾಗ ಆ ನೆಲವನ್ನು ಮರೆಯಲೂ ಇಲ್ಲ. ಕೊಲ್ಲಿಯ ಬಾಯಲ್ಲಿರುವ ಬಾರ್ಟ್ಲೆಟ್ ಕೋವ್‌ನಲ್ಲಿ, 2016ರಲ್ಲಿ, ಅವರ ಕುಲಗಳ ಮನೆ ಮತ್ತೆ ಎದ್ದುನಿಂತಿತು.