ಮರಿಯಳ ಸಾಕ್ಷಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಗ್ರಾಮಸಭೆಗಳ ಪ್ರಿಯರೇ,

ಮಗ್ದಲದ ಮರಿಯಳನ್ನು ಕರ್ತನು ಏಳು ದೆವ್ವಗಳಿಂದ ಬಿಡಿಸಿದನೆಂದು ಸುವಾರ್ತೆಯಲ್ಲಿ ಓದುತ್ತೇವೆ. ಆಕೆ ಅಪರಾಧಿಯಾಗಿದ್ದಳೆಂದು ಗ್ರಂಥವು ಹೇಳುವುದಿಲ್ಲ. ಆದರೂ ಆಕೆಯ ಹಿಂದಣ ದಿನಗಳನ್ನು ಊರವರು ಮರೆತಿರಲಾರರು. ಹೀಗಿರಲಾಗಿ, ಪುನರುತ್ಥಾನದ ವಾರ್ತೆಯನ್ನು ಒಯ್ಯುವುದಕ್ಕೆ ಕರ್ತನು ಆಕೆಯನ್ನೇ ಕಳುಹಿಸಿದನು. ಶಿಷ್ಯರು ಹೆಂಗಸರ ಮಾತನ್ನು ನಂಬದೆಹೋದರು. ಸಮಾಧಿಯಾದರೋ ಬರಿದಾಗಿಯೇ ಇತ್ತು.

ಇದನ್ನು ನಮ್ಮ ಸೀಮೆಗೆ ಅನ್ವಯಿಸಿಕೊಳ್ಳೋಣ. ಹೊಳೆನರಸೀಪುರದ ಬಳಿಯ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಬಡ ಹೆಂಗಸೊಬ್ಬಳು 2021ರಲ್ಲಿ ಬಲಾತ್ಕಾರಕ್ಕೆ ಗುರಿಯಾದಳು. ದೂರು ದಾಖಲಾದದ್ದು 2024ರಲ್ಲಿ. ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 1ರಂದು ಹಾಸನದ ಮಾಜಿ ಲೋಕಸಭಾ ಸದಸ್ಯ ಪ್ರಜ್ವಲ್ ರೇವಣ್ಣನವರನ್ನು ದೋಷಿಯೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಸೆರೆಯನ್ನು ವಿಧಿಸಿತು. ಅವರು ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಮಾಡಿಕೊಂಡರು. ದುಡಿದು ಉಣ್ಣುವವಳಿಗೇ ಠಾಣೆಯ ಮೆಟ್ಟಿಲು ಇಷ್ಟು ಎತ್ತರವಾದರೆ, ಕಳ್ಳತನಕ್ಕೋ ಕಳ್ಳಬಟ್ಟಿಗೋ ಒಮ್ಮೆ ಸೆರೆಮನೆ ಕಂಡು ಬಂದವಳಿಗೆ ಅದು ಎಷ್ಟು ಎತ್ತರವಾಗಿರಬೇಡ?

ಆಕೆಯ ಮಾತನ್ನು ನಂಬುವುದು ಹೇಗೆಂದು ಕೆಲವರು ಕೇಳುವರು. ಹಿಂದಣ ತಪ್ಪಿಗೆ ಆಕೆ ಶಿಕ್ಷೆ ಅನುಭವಿಸಿದ್ದಾಳೆ. ಅದು ಮತ್ತೊಬ್ಬನಿಗೆ ಆಕೆಯ ಮೇಲೆ ಕೈಹಾಕಲು ಕೊಟ್ಟ ಅಪ್ಪಣೆಯಲ್ಲ. ನಿಜವನ್ನು ಒರೆಗೆ ಹಚ್ಚುವುದು ವಿಚಾರಣೆಯ ಕೆಲಸ; ವಿಚಾರಣೆಗೆ ಮುಂಚೆಯೇ ಆಕೆಯ ಬಾಯಿ ಕಟ್ಟುವುದು ನಮ್ಮ ಕೆಲಸವಲ್ಲ.

2024ರ ಜುಲೈ 1ರಿಂದ ನಡೆಯುತ್ತಿರುವ ಕಾನೂನನ್ನೂ ತಿಳಿದಿರಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮಹಿಳಾ ಅಧಿಕಾರಿಯೇ ಅದನ್ನು ಬರೆದುಕೊಳ್ಳಬೇಕು. ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ಬಲಾತ್ಕಾರದ ದೂರನ್ನು ಬರೆದುಕೊಳ್ಳದ ಅಧಿಕಾರಿಗೆ 6 ತಿಂಗಳಿಗೆ ಕಡಿಮೆಯಿಲ್ಲದೆ 2 ವರುಷದ ವರೆಗೆ ಸೆರೆಯುಂಟು. ಸಮ್ಮತಿಯಿತ್ತೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ಹೆಂಗಸಿನ ಹಿಂದಣ ನಡತೆಯನ್ನು ಎತ್ತಲಾಗದು. ಆಸ್ಪತ್ರೆಯವರು, ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡತಕ್ಕದ್ದು. ಉಟ್ಟ ಬಟ್ಟೆಯನ್ನು ಒಗೆಯದೆ ಕಾಯ್ದಿಡಿರಿ. ಮೇಲೆ ಹೇಳಿದ ಮೊಕದ್ದಮೆಯಲ್ಲಿ ಒಂದು ಸೀರೆಯೇ ಮುಖ್ಯ ಸಾಕ್ಷಿಯಾಯಿತು.

ಆದಕಾರಣ ಪ್ರಿಯರೇ, ಇಂಥ ಸಹೋದರಿಯು ನಮ್ಮ ಬಾಗಿಲಿಗೆ ಬಂದಾಗ ಆಕೆಯ ಹಳೆಯ ಕಥೆಯನ್ನು ಕೇಳಬೇಡಿರಿ. ಸಭೆಯ ಹಿರಿಯ ಹೆಂಗಸರಿಬ್ಬರು ಆಕೆಯ ಸಂಗಡ ಠಾಣೆಗೆ ಹೋಗಿ, ಬರೆದದ್ದನ್ನು ಓದಿಸಿ ಕೇಳಿ, ಪ್ರತಿಯನ್ನು ಕೈಗೆ ತೆಗೆದುಕೊಂಡೇ ಹಿಂದಿರುಗಲಿ. ಆಕೆಯ ಹೆಸರು ಊರ ಬಾಯಿಗೆ ಬೀಳದಂತೆ ಕಾಯಿರಿ. ಅಂದು ಶಿಷ್ಯರು ನಂಬದೆಹೋದ ಮಾತಿನ ಮೇಲೆಯೇ ಇಂದು ನಮ್ಮ ನಿರೀಕ್ಷೆಯೆಲ್ಲಾ ನಿಂತಿದೆ. ನಂಬಲಾಗದವಳೆಂದು ಲೋಕವು ತಳ್ಳಿದವಳಿಗೆ ಕಿವಿಗೊಡುವ ಕೃಪೆಯನ್ನು ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.