ವ್ರತದ ಅಹಂಕಾರಕ್ಕೆ ಪ್ರಾಯಶ್ಚಿತ್ತ ಏನು?

ಪ್ರಶ್ನೆ: 21 ವರ್ಷಗಳಿಂದ ಏಕಾದಶಿ ಉಪವಾಸ ತಪ್ಪಿಸಿಲ್ಲ. ಬರುವ ಮಾರ್ಗಶಿರದಲ್ಲಿ ಕಲಬುರಗಿಯ ಮಗನ ಮನೆಯಲ್ಲಿ ಉದ್ಯಾಪನೆ ಇಟ್ಟುಕೊಂಡಿದ್ದೇನೆ. ನನ್ನ ತಮ್ಮ ವ್ರತ, ನೇಮ ಏನೂ ಮಾಡುವುದಿಲ್ಲ. ಎರಡು ವರ್ಷದ ಹಿಂದೆ ಬಂಧುಗಳ ಎದುರಿಗೇ, "ನಿನ್ನ ಪಂಕ್ತಿಯೊಳಗ ಕೂತರ ನನ್ನ ವ್ರತ ಕೆಡ್ತದ" ಎಂದುಬಿಟ್ಟೆ. ಅಂದಿನಿಂದ ಅವನು ನಮ್ಮ ಹೊಸ್ತಿಲು ತುಳಿದಿಲ್ಲ. ನನ್ನ ವ್ರತಫಲ ಹೋಯಿತೇ? ಯಾವ ಹೋಮ ಮಾಡಿಸಬೇಕು? ಜಾತಕ ಜೊತೆಗಿಟ್ಟಿದ್ದೇನೆ.
– ಒಬ್ಬ ಗೃಹಸ್ಥರು, ಕಮಲಾಪುರ

ಉತ್ತರ: ಜಾತಕ ಬಿಚ್ಚುವ ಕಾರಣವೇ ಇಲ್ಲರಿ. ಇದು ಗ್ರಹದೋಷ ಅಲ್ಲ, ನಾಲಿಗೆಯ ದೋಷ. ಹೋಮವೂ ಬೇಡ.

ನಾಲಿಗೆಗೆ ಎರಡು ಕೆಲಸ: ರುಚಿ ನೋಡುವುದು, ಮಾತಾಡುವುದು. ಉಪವಾಸ ಎರಡಕ್ಕೂ ಇರಬೇಕು. ನಾವು ಅನ್ನ ಬಿಟ್ಟು ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಆಲೂಗಡ್ಡೆ ಚಿಪ್ಸ್ ಹೊಟ್ಟೆ ತುಂಬ ತಿಂತೀವಿ. ಮೇಲೆ "ನನಗಿವತ್ತು ನಿರಾಹಾರ" ಅಂತ ನಾಲ್ಕು ಮಂದಿಗೆ ಹೇಳ್ತೀವಿ. ಮೊದಲನೆಯದು ಭೋಗ, ಎರಡನೆಯದು ಗರ್ವ. ಹೊಟ್ಟೆಗೆ ತಿಂದದ್ದು ಮರುದಿನ ಕರಗ್ತದ. ಗರ್ವ ವರ್ಷಗಟ್ಟಲೆ ಕೂಡ್ತದ. ಗೀತೆಯ 17ನೇ ಅಧ್ಯಾಯದಲ್ಲಿ ಭಗವಂತ ಸ್ಪಷ್ಟವಾಗಿ ಹೇಳಿದ್ದಾನೆ: ಜನ ಮೆಚ್ಚಲಿ ಎಂದು ಡಂಭದಿಂದ ಮಾಡಿದ ತಪಸ್ಸು ರಾಜಸ, ಅದರ ಫಲ ನಿಲ್ಲುವುದಿಲ್ಲ.

ಏಕಾದಶಿ ಮಾಡುವವರು ಭಾಗವತದ ಅಂಬರೀಷನನ್ನು ನೆನೆಯಬೇಕು. ದ್ವಾದಶಿ ಮೀರಬಾರದೆಂದು ಅವನು ಬರೀ ನೀರು ಕುಡಿದು ಪಾರಣೆ ಮಾಡಿದ. ತನ್ನನ್ನು ಬಿಟ್ಟು ಪಾರಣೆಯೇ ಎಂದು ದೂರ್ವಾಸರು ಕೋಪಗೊಂಡು ಅವನನ್ನು ಕೊಲ್ಲಲು ಕೃತ್ಯೆಯನ್ನು ಬಿಟ್ಟರು. ಸುದರ್ಶನ ಚಕ್ರ ಅವರನ್ನೇ ಅಟ್ಟಿಸಿಕೊಂಡು ಹೋಯಿತು. ಕೊನೆಗೆ ಕಾಲಿಗೆ ಬಿದ್ದ ಆ ಋಷಿಯ ಪ್ರಾಣ ಉಳಿಸಲು ಅಂಬರೀಷ ತನ್ನ ದಾನಧರ್ಮದ ಪುಣ್ಯವನ್ನೆಲ್ಲ ಪಣಕ್ಕಿಟ್ಟು ಪ್ರಾರ್ಥಿಸಿದ. ಅವರು ಮರಳಿ ಬರುವವರೆಗೆ ಒಂದು ವರ್ಷ ಊಟ ಮಾಡಿರಲಿಲ್ಲ. ಅವರಿಗೆ ಉಣಿಸಿಯೇ ತಾನು ಉಂಡ. ಕೊಲ್ಲಲು ಬಂದವರನ್ನೂ ಪಂಕ್ತಿಗೆ ಕರೆದದ್ದು ಅವನ ವ್ರತ. ನಿಮ್ಮ ವ್ರತ ಒಡಹುಟ್ಟಿದವನನ್ನೇ ಎಬ್ಬಿಸಿ ಕಳಿಸಿತಲ್ಲ, ವಿಚಾರ ಮಾಡ್ರಿ.

ನಮ್ಮ ಜಿಲ್ಲೆಯ ಗಾಣಗಾಪುರದಲ್ಲಿ ಹಿರಿಯರು ಗರ್ವಕ್ಕೆ ಒಳ್ಳೆಯ ಮದ್ದು ಇಟ್ಟಿದ್ದಾರೆ. ಮಧ್ಯಾಹ್ನ ದತ್ತಗುರು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರ್ತಾನೆಂಬ ನಂಬಿಕೆ ಅಲ್ಲಿಯದು. ಕಾರಿನಲ್ಲಿ ಬಂದ ಸಾಹುಕಾರರೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡ್ತಾರ. ಬೇಡುವ ಕೈ ಬೀಗುವುದಿಲ್ಲ.

ನೀವು ಹೀಗೆ ಮಾಡಿ:

1. ಉದ್ಯಾಪನೆಗೆ ಮೊದಲು, ನಡುವೆ ಯಾರನ್ನೂ ಇಡದೆ, ಫೋನೂ ಮಾಡದೆ, ನೀವೇ ತಮ್ಮನ ಮನೆಗೆ ಹೋಗಿ. ಅಂದ ಮಾತು ತಪ್ಪಾಯಿತು ಅನ್ನಿ. ನಾಲ್ಕು ಮಂದಿ ಎದುರು ಅಂದಿದ್ದೀರಿ, ಆ ನಾಲ್ಕು ಮಂದಿ ಎದುರೂ ಒಮ್ಮೆ ಹೇಳಿ. ವ್ರತದ ಉಪದೇಶ ಮಾತ್ರ ಬೇಡ.

2. ದಶಮಿ ಒಪ್ಪತ್ತು. ಏಕಾದಶಿಗೆ ಶಕ್ತಿ ಇದ್ದಷ್ಟು ಉಪವಾಸ. ಆಗದಿದ್ದರೆ ಹಾಲು, ಹಣ್ಣು ಸಾಕು.

3. ದ್ವಾದಶಿ ಪಾರಣೆಗೆ ನಿಮ್ಮ ಊರಿನ ಕೆಂಪು ಬಾಳೆಹಣ್ಣು ನೈವೇದ್ಯಕ್ಕಿಡಿ. ತಮ್ಮನನ್ನು ಪಕ್ಕದಲ್ಲೇ ಕೂಡಿಸಿಕೊಂಡು ಊಟ ಮಾಡಿ.

4. ಅವರು ಬರಲಿಲ್ಲವೋ, ಸಿಟ್ಟಾಗಬೇಡಿ. ಪಾರಣೆ ಕಾಲ ಮೀರಿಸದೆ ತೀರ್ಥ ತಗೊಂಡು, ಪ್ರಸಾದ ಕಟ್ಟಿಕೊಂಡು ಮತ್ತೆ ಅವರ ಬಾಗಿಲಿಗೆ ಹೋಗಿ. ಎಷ್ಟು ಸಲ ಹೋಗಬೇಕೆಂದು ಕೇಳಬೇಡಿ. 21 ವರ್ಷ ಏಕಾದಶಿ ಎಣಿಸಿದವರು ನೀವು, ಇದನ್ನಾದರೂ ಎಣಿಸದೆ ಮಾಡಿ.

ಶ್ರೀಕೃಷ್ಣಾರ್ಪಣಮಸ್ತು.